ಮೀನಿಗೆ ಹೇಳುವ ಮಾತು

ನಮ್ಮೂರಿನ ಹೆಂಗಸರಿಗೆ ಗೊತ್ತಿಲ್ಲದ ಸಂಗತಿ ಅಂತ ಒಂದೇ ಒಂದಿತ್ತು. ಗಂಡಸರು ನಡುಗಡಲಿನಲ್ಲಿ ಹಾರುಮೀನಿಗೆ ಏನು ಹೇಳುತ್ತಾರೆ ಎಂಬುದು. ಉಳಿದದ್ದೆಲ್ಲ ನಮಗೆ ಗೊತ್ತು. ಯಾರ ದೋಣಿ ಸೋರುತ್ತದೆ, ಯಾರು ಮಕಾಸ್ಸರ್ ಪೇಟೆಗೆ ಹೋಗಿ ಏನು ತಿಂದು ಬಂದರು, ಯಾರ ಮನೆಯ ಮದುವೆ ಮಾತು ಯಾಕೆ ಮುರಿದುಬಿತ್ತು, ಎಲ್ಲ ಬಾವಿಕಟ್ಟೆಯಲ್ಲೇ ತೀರ್ಮಾನವಾಗುತ್ತದೆ. ಇದೊಂದು ಮಾತ್ರ ಬಾವಿಕಟ್ಟೆಗೆ ಬಂದಿರಲಿಲ್ಲ.

ಪೂರ್ವದ ಗಾಳಿ ಹಿಡಿಯುತ್ತಿದ್ದಂತೆ ದೋಣಿಗಳು ಹೊರಡುತ್ತವೆ. ಮೀನು ಹಿಡಿಯುವ ಬಿದಿರಿನ ಉದ್ದನೆಯ ಬುಟ್ಟಿಗಳಿಗೆ, ಅಂದರೆ ಕೂಳಿಗಳಿಗೆ, ತೆಂಗಿನ ಗರಿಯನ್ನೂ ಕಡಲಪಾಚಿಯನ್ನೂ ಕಟ್ಟಿ ನೀರಿಗೆ ಬಿಡುತ್ತಾರೆ. ಆಮೇಲೆ ದೋಣಿಯ ಯಜಮಾನ ಅಂಚಿನಲ್ಲಿ ಕೂತು ಮೀನಿನ ಜೊತೆ ಮಾತಿಗಿಳಿಯುತ್ತಾನೆ. ಹುಡುಗಿಯನ್ನು ಒಲಿಸಿಕೊಳ್ಳುವ ಮಾತು ಅದು. ಕೇಳಿ ಕರಗಿದ ಮೀನು ನಾಚಿಕೊಂಡು ಬಂದು ಆ ಗರಿಗಳ ಮೇಲೆ ಮೊಟ್ಟೆ ಇಡುತ್ತದಂತೆ. ಆ ಮೊಟ್ಟೆಯನ್ನು ನಾವು ಹೆಂಗಸರು ಒಣಗಿಸಿ, ಅಂಟಿಕೊಂಡ ನಾರು ಬಿಡಿಸಿ, ವ್ಯಾಪಾರಿಗೆ ಕೊಡುತ್ತೇವೆ. ಅದು ಜಪಾನಿಗೆ ಹೋಗುತ್ತದೆ. ನಮ್ಮೂರಿನ ಅಕ್ಕಿ, ಮಕ್ಕಳ ಶಾಲೆ, ಮಸೀದಿಯ ಹೊಸ ತಗಡು, ಎಲ್ಲವೂ ಒಂದು ಮೀನಿನ ನಾಚಿಕೆಯಿಂದ ನಡೆಯುತ್ತಿವೆ.

ನನ್ನ ಗಂಡ ಸೆವಾಂಗ್, ಊರವರ ಬಾಯಲ್ಲಿ ಗೌರವದಿಂದ ದಾಯೆಂಗ್ ಸೆವಾಂಗ್, ಅಂಥ ಯಜಮಾನರಲ್ಲಿ ಹೆಸರುವಾಸಿ. ಅದೇ ನನಗೆ ದೊಡ್ಡ ಒಗಟು. ಮನೆಯಲ್ಲಿ ಅವರದು ಒಂದೇ ಮಾತು, 'ಹೂಂ'. ಮೀನಿನ ಹುಳಿ ಹೇಗಿದೆ ಎಂದರೆ ಹೂಂ. ಹೊಸ ಸರೊಂಗು ಉಟ್ಟು ಎದುರು ನಿಂತರೂ ಹೂಂ. ನಮ್ಮದು ಕಂಬದ ಮೇಲಿನ ಮನೆ, ಮೆಟ್ಟಿಲಲ್ಲಿ ಮೂರನೆಯದು ಸಡಿಲ, ರಿಪೇರಿ ಮಾಡಿ ಎಂದು ಮದುವೆಯಾಗಿ ಬಂದಾಗಿನಿಂದ ಬಡಕೊಂಡಿದ್ದೇನೆ. ಅದಕ್ಕೂ ಹೂಂ. ಇಂಥ ಮನುಷ್ಯ ಕಡಲಿಗೆ ಹೋಗಿ ಬಾಯಿಬಿಟ್ಟರೆ ಮೀನು ನಾಚಿಕೊಳ್ಳುತ್ತದೆ ಎಂದರೆ ಯಾವ ಹೆಂಡತಿಗೆ ಹೊಟ್ಟೆ ಉರಿಯುವುದಿಲ್ಲ? ಕೇಳೋಣವೆಂದರೆ ಕೇಳುವಂತಿಲ್ಲ. ಹೆಂಗಸರ ಕಿವಿಗೆ ಬಿದ್ದರೆ ಮೀನು ಮುನಿಸಿಕೊಳ್ಳುತ್ತದಂತೆ. ನಮಗೆ ಬಿಟ್ಟ ಕೆಲಸ ಬೇರೆ. ಅವರು ಕಡಲಿನಲ್ಲಿರುವಷ್ಟು ದಿನ ಮುಂಬಾಗಿಲು ಮುಚ್ಚಬಾರದು, ಮುಚ್ಚಿದರೆ ಅಲ್ಲಿ ಕೂಳಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಪ್ರತಿ ವರ್ಷ ನಾನು ತೆರೆದ ಬಾಗಿಲಲ್ಲಿ ಕೂತು, ಊರಿನ ಕೋಳಿಗಳನ್ನೆಲ್ಲ ಅಟ್ಟುತ್ತ, ಆ ಮಾತು ಏನಿರಬಹುದು ಎಂದು ಯೋಚಿಸುತ್ತಿದ್ದೆ.

ಈ ವರ್ಷ ರಂಜಾನ್ ಹಬ್ಬ ಕಳೆದ ಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ತಿರುಗದಾಯಿತು. 'ಹೂಂ' ಕೂಡ ಹೋಯಿತು. ಆ ಹೂಂಗಾಗಿ ನಾನು ಅಡುಗೆಮನೆಯಲ್ಲಿ ಕೂತು ಅಳುತ್ತೇನೆಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಎಡಗೈ ಮಾತ್ರ ಚೆನ್ನಾಗಿತ್ತು, ಬುದ್ಧಿಯೂ ನೆಟ್ಟಗಿತ್ತು. ಹೌದು ಎನ್ನುವುದಕ್ಕೆ ನೆಲದ ಹಲಗೆಗೆ ಒಮ್ಮೆ ತಟ್ಟುತ್ತಿದ್ದರು. ಅಲ್ಲ ಎನ್ನುವುದಕ್ಕೆ ಸುಮ್ಮನಿರುತ್ತಿದ್ದರು.

ಗಾಳಿ ಪೂರ್ವಕ್ಕೆ ತಿರುಗಿದ ವಾರ ದೋಣಿಯ ಆಳುಗಳು ಮನೆಗೆ ಬಂದರು. ಚುಕ್ಕಾಣಿ ಹಿಡಿಯುವ ರೇವಾ, ನಮ್ಮವರಿಗೆ ಚಿಕ್ಕಪ್ಪನ ಮಗ. ದೋಣಿಗೆ ನುಗ್ಗಿದ ನೀರು ಎತ್ತಿಹಾಕುವ ಮುದುಕ ತಾಯಾಂಗ್, ಕಿವಿ ಮಂದ. ಇನ್ನಿಬ್ಬರು ಹಿಂದೆ ಕೂತು ನನ್ನ ಮುಖ ನೋಡದೆ ಕಾಫಿ ಕುಡಿದರು. ಅವರು ಬಂದದ್ದು ಯಾಕೆ ಎಂದು ನನಗೆ ಗೊತ್ತಿತ್ತು.

"ಅತ್ತಿಗೆ, ತಪ್ಪು ತಿಳ್ಕೋಬೇಡಿ," ಎಂದ ರೇವಾ. "ದಾಯೆಂಗ್ ಲಾವಾ ತಮ್ಮ ದೋಣಿಗೆ ನಮ್ಮನ್ನ ಕರೀತಿದ್ದಾರೆ. ನಮ್ಮ ಮನೇಲೂ ಒಲೆ ಉರೀಬೇಕಲ್ಲ."

"ದೋಣಿ ಗಟ್ಟಿಯಾಗಿದೆ. ಕೂಳಿ ಹೆಣೆದಿಟ್ಟಾಗಿದೆ. ಚುಕ್ಕಾಣಿ ನಿನ್ನ ಕೈಲೇ ಇದೆ. ಇನ್ನೇನು ಬೇಕಪ್ಪ ನಿಂಗೆ?"

"ಮಾತು ಬೇಕಲ್ಲ ಅತ್ತಿಗೆ. ಮಾತಿಲ್ದೆ ಕೂಳಿ ಇಳಿಸಿದ್ರೆ ಬರೀ ಬಿದಿರು ತೊಳೆದ ಹಾಗೆ. ನಿಮಗೆ ಗೊತ್ತಿಲ್ವಾ, ಒಬ್ಬರ ಮಾತು ಇನ್ನೊಬ್ಬರ ಕೂಳಿಗೆ ನಡೆಯಲ್ಲ. ಅಣ್ಣ ಕಲಿಸ್ತೀನಿ ಕಲಿಸ್ತೀನಿ ಅಂದ್ಕೊಂಡೇ ಇದ್ರು."

ಅದು ನಿಜವೇ. ಬರೆದು ತೋರಿಸೋಣವೆಂದರೆ ಬಲಗೈಯೇ ಬಿದ್ದಿತ್ತು. ಶುಕ್ರವಾರದ ನಮಾಜಿನ ಮೇಲೆ ದಡದಲ್ಲಿ ಅಂಟಕ್ಕಿಯ ಅನ್ನ, ಬಾಳೆಹಣ್ಣು ಇಟ್ಟು ದೋಣಿಗಳಿಗೆ ದುವಾ ಮಾಡಿ ಬೀಳ್ಕೊಡುತ್ತಾರೆ. ಅಂದು ಹೊರಡದ ದೋಣಿ ಆ ವರ್ಷವೆಲ್ಲ ಮರಳಿನ ಮೇಲೆ. ಒಂದು ವರ್ಷ ಮರಳಿನ ಮೇಲೆ ಕೂತ ದೋಣಿಗೆ ಮತ್ತೆ ಆಳು ಸಿಗುವುದಿಲ್ಲ, ಬಿಸಿಲಿಗೆ ಬಾಯಿಬಿಟ್ಟು ಕೊನೆಗೆ ಬಿಚ್ಚಿದ ಹಲಗೆಗಳ ಲೆಕ್ಕದಲ್ಲಿ ಮಾರಿಹೋಗುತ್ತದೆ. ನಾಲಿಗೆ ಕಳೆದುಕೊಂಡ ಮನುಷ್ಯ ತನ್ನ ದೋಣಿ ಬಿಚ್ಚುವ ಸುತ್ತಿಗೆಯ ಸದ್ದನ್ನು ಮಲಗಿದಲ್ಲೇ ಕೇಳಬೇಕೆಂದರೆ ನನ್ನಿಂದ ಆಗದು.

"ಇಷ್ಟು ವರ್ಷ ಒಂದೇ ದೋಣೀಲಿ ಕೂತಿದ್ರಲ್ಲ, ಕಿವೀಲಿ ಏನು ಅಕ್ಕಿ ಹಿಟ್ಟು ತುಂಬ್ಕೊಂಡಿದ್ರಾ?" ಎಂದೆ.

"ಇನ್ನೊಬ್ಬರು ಹೆಣ್ಣು ಒಲಿಸ್ತಿರೋವಾಗ ಕಿವಿಗೊಟ್ಟು ಕೇಳೋಕಾಗತ್ತಾ? ನಾವು ಆ ಕಡೆ ತಿರುಗಿ ಹಗ್ಗ ಸರಿಮಾಡ್ತಿದ್ವಿ. ಅಲ್ಲೊಂದು ಇಲ್ಲೊಂದು ಬಿದ್ದಿರಬಹುದು."

"ಆ ಬಿದ್ದಿದ್ದನ್ನ ಹೇಳು."

"ಅಯ್ಯೋ, ನಿಮ್ಮ ಮುಂದೇನಾ? ಹೆಂಗಸರು ಕೇಳಿದ್ರೆ ಮೀನು..."

"ಮೊಟ್ಟೆ ಇಡೋ ಮೀನು ಗಂಡೋ ಹೆಣ್ಣೋ?"

"ಹೆಣ್ಣೇ," ಎಂದ ರೇವಾ ತಲೆ ಕೆರೆದುಕೊಂಡು.

"ಅವಳು ಕೇಳಬಹುದು, ನಾನು ಕೇಳಬಾರದಾ? ಹೇಳು."

ನಿಜ ಹೇಳಬೇಕೆಂದರೆ, ಯಾವಳದೋ ಹೆಸರು ಬಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ. ಆದರೂ ಕೇಳದೆ ಇರಲಾರೆ. ರೇವಾ ಒಳಗೆ ಮಲಗಿದ್ದ ನಮ್ಮವರ ಕಡೆ ನೋಡಿದ. ಅವರು ಬೇಡವೆಂದು ಮುಖ ತಿರುಗಿಸಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಹೇಳಿದ.

"ಮೊದಲನೇದು, 'ಬಾ, ಬಾ, ಬಾಗಿಲು ತೆಗೆದೇ ಇದೆ' ಅಂತಾರೆ. ಆಮೇಲೆ ಏನೋ ದೊಡ್ಡ ಮಂತ್ರ. 'ಮೂರನೇದರ ಮೇಲೆ ಕಾಲಿಡಬೇಡ, ದಾಟಿ ಬಾ' ಅಂತ. ಅದರ ಅರ್ಥ ನಮಗೆ ಇವತ್ತಿಗೂ ಆಗಿಲ್ಲ. ಮೂರನೇ ಅಲೆ ಇರಬೇಕು ಅಂತ ತಾಯಾಂಗ್ ಮಾವ. ಮೂರನೇ ಆಕಾಶ ಅಂತ ನಾನು."

ನಾನು ಅವನನ್ನೇ ನೋಡಿದೆ. "ರೇವಾ, ಈಗ ನಮ್ಮನೆಗೆ ಹೇಗೆ ಹತ್ತಿ ಬಂದೆ?"

"ಹೇಗೆ ಅಂದ್ರೆ? ಮೆಟ್ಟಿಲು ಹತ್ತಿ."

"ಎಲ್ಲ ಮೆಟ್ಟಿಲ ಮೇಲೂ ಕಾಲಿಟ್ಟಾ?"

"ಇಲ್ಲ, ಮೂರನೇದು ಸಡಿಲ ಅಲ್ವಾ, ಅದನ್ನ ದಾ..." ಎಂದವನು ಅಲ್ಲಿಗೇ ನಿಂತ. ಹಿಂದೆ ಕೂತಿದ್ದ ಇಬ್ಬರೂ ಕಾಫಿ ಲೋಟ ಕೆಳಗಿಟ್ಟರು. ಒಳಗಿಂದ ಹಲಗೆಗೆ ತಟ್ಟಿದ ಸದ್ದು ಬಂತು. ಒಮ್ಮೆ, ಸ್ಪಷ್ಟವಾಗಿ.

ವರ್ಷಗಟ್ಟಲೆ ಆ ಮೆಟ್ಟಿಲು ದಾಟಿಕೊಂಡು ಓಡಾಡಿದ ಗಂಡಸರು ಅದನ್ನೇ ಕಡಲಿನಲ್ಲಿ ಕೇಳಿ ಮೂರನೇ ಆಕಾಶ ಎಂದುಕೊಂಡಿದ್ದರು. ನನಗೆ ನಗು ಬಂತು. ಅವರು ಮೀನನ್ನು ಕರೆಯುತ್ತಿದ್ದದ್ದು ನಮ್ಮ ಮನೆಗೆ.

ಮನೆ ಎಂದ ಮೇಲೆ ನನಗಿಂತ ಚೆನ್ನಾಗಿ ಬಲ್ಲವರು ಯಾರು? ರೇವಾನನ್ನು ಎಬ್ಬಿಸಿಕೊಂಡು ಕೆಳಗಿಳಿದು ಮತ್ತೆ ಹತ್ತಿ ಬಂದೆ. ಒಂದೊಂದನ್ನೂ ಮುಟ್ಟಿ ಕೇಳುತ್ತ ಹೋದೆ. "ಕಾಲು ತೊಳೆಯೋ ಗಡಿಗೆ, ಎಡಗಡೆ?" ಒಳಗಿಂದ ಸದ್ದು ಬಂತು. "ಬಾಗಿಲ ಹಿಂದೆ ಸುತ್ತಿಟ್ಟ ಚಾಪೆ?" ಸದ್ದು. "ಗೋಡೆ ಮೇಲಿನ ಗಡಿಯಾರ?" ಮೌನ. ಅದು ನನ್ನ ತಮ್ಮ ಕೊಟ್ಟದ್ದು, ಅವರಿಗೆ ಎಂದೂ ಸೇರಿದ್ದಿಲ್ಲ. "ಪಡುವಣ ಕಿಟಕಿ, ತಣ್ಣನೆ ಗಾಳಿ?" ಸದ್ದು. ರೇವಾ ಹಿಂದೆಯೇ ಬಂದು ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿಕೊಂಡ. ಒಲೆ, ಅಟ್ಟದ ಮೇಲಿನ ಅಕ್ಕಿ ಮಡಕೆ, ತೊಟ್ಟಿಲು ಕಟ್ಟುತ್ತಿದ್ದ ತೊಲೆ, ಹೀಗೆ ಮನೆಯೆಲ್ಲ ಸುತ್ತಿ ಅವರ ಹಾಸಿಗೆಯ ಹತ್ತಿರ ಬಂದು ನಿಂತೆವು.

"ಇಷ್ಟೇನಾ?" ಎಂದೆ. ಮೌನ.

"ಇನ್ನೊಂದಿದೆ ಅತ್ತಿಗೆ," ಎಂದ ರೇವಾ. "ಕೊನೇಲಿ ನೀರಿಗೆ ಬಗ್ಗಿ ಮೆಲ್ಲಗೆ ಏನೋ ಹೇಳ್ತಾರೆ. ಅದಾದ ಮೇಲೇ ಮೀನು ಬರೋದು. ಅದು ಮಾತ್ರ ನಮಗ್ಯಾರಿಗೂ ಕೇಳಿಸಿಲ್ಲ."

ಹೊಸ ಸರೊಂಗೇ? ಮೌನ. ಅತ್ತರೇ? ಬಾಳೆಹಣ್ಣಿನ ಸಿಹಿಯೇ? ಮೌನ. ಪೆಟ್ಟಿಗೆಯ ಬೀಗದ ಕೈಯೇ? ಮನೆಯಲ್ಲಿದ್ದದ್ದನ್ನೆಲ್ಲ ಹೆಸರು ಹಿಡಿದು ಕೇಳಿದೆ. ಆ ಕೈ ಅಲುಗಲೇ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಅಲ್ಲ, ಇನ್ನೇನಿದೆ ಈ ಮನೇಲಿ? ಜೀವ ತೇಯ್ದು ಇದನ್ನ ಕಟ್ಟಿ ನಿಲ್ಲಿಸಿದ್ದೀನಿ, ನನಗೆ ಗೊತ್ತಿಲ್ದೆ ಇಲ್ಲಿ ಏನು ಬಚ್ಚಿಟ್ಟಿದ್ದೀರಿ? ಬಾಯಿದ್ದಾಗ ಆಡಲಿಲ್ಲ, ಈಗ ಬಾಯಿಲ್ದೆ ಸಾಯಿಸ್ತೀರಿ."

ಕೈ ತಟ್ಟಿತು.

"ಏನು ತಟ್ಟೋದು? ಬೈದಿದ್ದಕ್ಕೆ ಹೌದು ಅಂತೀರಾ?"

ಮತ್ತೆ ತಟ್ಟಿತು. ಎಲ್ಲರೂ ಗೊಂದಲಕ್ಕೆ ಬಿದ್ದರು. ಆಗ ಬಾಗಿಲ ಹತ್ತಿರ ಕೂತಿದ್ದ ಮುದುಕ ತಾಯಾಂಗ್ ಕೆಮ್ಮಿದ.

"ನಾನು ಕಿವುಡ ಅಂತ ಯಜಮಾನ ನನ್ನನ್ನ ಪಕ್ಕದಲ್ಲೇ ಕೂರಿಸ್ಕೋತಿದ್ದ. ನಾನು ಅಷ್ಟೇನೂ ಕಿವುಡ ಅಲ್ಲ."

"ಮಾವ," ಎಂದೆ, "ಹಾಗಾದ್ರೆ ಇಷ್ಟು ಹೊತ್ತು ಯಾಕೆ ಬಾಯಿ ಮುಚ್ಕೊಂಡಿದ್ರಿ?"

"ಅದು ನಿನ್ನ ಮುಂದೆ ಹೇಳೋ ಮಾತಲ್ಲ ಕಣಮ್ಮ. ನಿನ್ನ ಮೇಲಿನ ಮಾತು." ಮುದುಕ ನಮ್ಮವರ ಕಡೆ ನೋಡಿದ. ಹಲಗೆ ಸದ್ದಾಯಿತು. ಆಮೇಲೆ ಅವನು ನೀರಿಗೆ ಬಗ್ಗಿದವನಂತೆ ಬಗ್ಗಿ, ಮೆಲ್ಲಗೆ ಹೇಳಿದ.

"'ಒಳಗೆ ಒಬ್ಬಳಿದ್ದಾಳೆ. ಬಾಯಿ ಜೋರು, ಹೆದರಬೇಡ. ಅವಳು ಬೈತಾಳೆ, ಆದ್ರೆ ಉಣ್ಣಿಸದೆ ಕಳಿಸೋಳಲ್ಲ. ನಾನೂ ಹೆದರಿಕೊಂಡೇ ಬಂದೆ. ಬಂದವನು ಮತ್ತೆ ಹೋಗ್ಬೇಕು ಅಂತ ಅನ್ನಿಸಲೇ ಇಲ್ಲ.'"

ನಾನು ಕಾಫಿ ಲೋಟಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದೆ. ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಶುಕ್ರವಾರ ನಮ್ಮ ದೋಣಿ ಉಳಿದವುಗಳ ಜೊತೆ ಹೊರಟಿತು. ನಾನು ಮುಂಬಾಗಿಲು ತೆರೆದಿಟ್ಟು ಕೂತೆ. ಮನೆಯೊಳಗೆ ನಡೆಯುವಾಗಲೆಲ್ಲ, ಅಲ್ಲಿ ಕಡಲಿನಲ್ಲಿ ರೇವಾ ಹೇಳುವ ಮಾತು ಹಿಡಿದು ಮೀನು ನನ್ನ ಹಿಂದೆಯೇ ಬರುತ್ತಿದೆ ಅನ್ನಿಸುತ್ತಿತ್ತು. ಗಡಿಗೆಯಲ್ಲಿ ನೀರು ತುಂಬಿರುವಂತೆ ನೋಡಿಕೊಂಡೆ. ಮೀನಿಗೆ ಹೇಳಿದ ಮೇಲೆ ಸುಳ್ಳಾಗಬಾರದಲ್ಲ.

ದೋಣಿ ತಿರುಗಿ ಬಂದಾಗ ರೇವಾ ದಡದಿಂದಲೇ ಎರಡೂ ಕೈ ಎತ್ತಿ ಖುಷಿಯಿಂದ ಬೀಸಿದ. ಗರಿಗಳ ಮೇಲೆ ಮೊಟ್ಟೆ ಹೊಂಬಣ್ಣವಾಗಿ ಗೊಂಚಲು ಗೊಂಚಲಾಗಿ ಅಂಟಿಕೊಂಡಿತ್ತು. ಅದನ್ನು ಅಂಗಳದಲ್ಲಿ ಹರಡಿ ಮುಗಿಸುವಷ್ಟರಲ್ಲಿ ಅವನು ಒಳ್ಳೆ ಗಟ್ಟಿ ಹಲಗೆ, ಮೊಳೆ, ಸುತ್ತಿಗೆ ಹಿಡಿದು ಬಂದ.

"ಅತ್ತಿಗೆ, ನಮ್ಮ ಕಡೆಯಿಂದ ಇಷ್ಟಾದ್ರೂ ಆಗ್ಲಿ. ಆ ಮೆಟ್ಟಿಲು ಸರಿಮಾಡಿಬಿಡ್ತೀನಿ."

ನಾನು ಕೆಳಗಿಂದಲೇ ಕೂಗಿ ಕೇಳಿದೆ. "ಏನು, ಮೂರನೇ ಮೆಟ್ಟಿಲು ಸರಿಮಾಡಿಸೋಣವಾ?"

ಕಾದೆವು. ಮೇಲಿನಿಂದ ಯಾವ ಸದ್ದೂ ಬರಲಿಲ್ಲ.

"ಬೇಡವಂತೆ," ಎಂದೆ. "ನನಗೂ ಬೇಡ."

ಆ ಹಲಗೆಯನ್ನು ಮೊಟ್ಟೆ ಒಣಗಿಸಲು ಇಟ್ಟುಕೊಂಡೆ. ಆಮೇಲೆ ಮೂರನೆಯದನ್ನು ದಾಟಿ ಹತ್ತಿ ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತು, ಮನಸ್ಸಿಗೆ ತೃಪ್ತಿಯಾಗುವಷ್ಟು ಬೈದೆ. ಇಷ್ಟು ವರ್ಷ ಊರಿನ ಮೀನಿಗೆಲ್ಲ ಹೇಳಿದಿರಿ, ನನಗೊಂದು ಸಲ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಬೈದೆ. ಬೈಯುತ್ತಲೇ ಅನ್ನ ಕಲಸಿ ಬಾಯಿಗಿಟ್ಟೆ. ಅವರ ಎಡಗೈ ಹಲಗೆಯ ಮೇಲೆ ತಟ್ಟುತ್ತಲೇ ಇತ್ತು.