ಕ್ಯಾಡಿಲಾಕ್ ಮೇಲಿನ ಬೇಸ್

"ನಿನ್ನ ಈ ಡೊಳ್ಳುಹೊಟ್ಟೆ ಅತ್ತೆಯನ್ನ ಇನ್ನೆಷ್ಟು ದಿನ ಹೊರಬೇಕಪ್ಪಾ ನಮ್ಮ ಕ್ಯಾಡಿಲಾಕು?" ಎಂದ ಹಾಡುಗಾರ ಹೋಯ್ಟ್.

ಡೆಲ್ಬರ್ಟ್ ತನ್ನ ಆಳೆತ್ತರದ ತಂತಿವಾದ್ಯ ಬೇಸನ್ನು ಕಾರಿನ ಮೇಲೇರಿಸುತ್ತಿದ್ದ. ರಾಕ್ ಅಂಡ್ ರೋಲ್ ತಂಡಗಳೆಲ್ಲ ಈಗ ಡಿಕ್ಕಿಯಲ್ಲಿ ಹಿಡಿಸುವ ಕರೆಂಟಿನ ಬೇಸಿಗೆ ಬದಲಾಗಿದ್ದವು. ಅವನಿಗೆ ಅದು ಬಾರದು. ಊರೂರು ಸುತ್ತಲು ಹೊರಟ ತಂಡದವರು ತನ್ನನ್ನು ಇಲ್ಲೇ ಅರ್ಕನ್ಸಾದಲ್ಲಿ ಬಿಟ್ಟುಹೋಗುತ್ತಾರೇನೋ ಎಂಬ ಅಳುಕು ಒಳಗೊಳಗೇ ಕೊರೆಯುತ್ತಿತ್ತು.

"ಬೇರೆ ಯಾರಾದ್ರೂ ಸಿಕ್ಕಿದ್ದಾರಾ?" ಎಂದು ಕೇಳಿಯೇಬಿಟ್ಟ.

"ಸಿಕ್ಕಿದ್ದ. ಮೆಂಫಿಸಿನವನು. ಚೆನ್ನಾಗೇ ನುಡಿಸ್ತಾನೆ."

"ಮತ್ತೆ?"

"ಹಾಡ್ತಾ ಹಾಡ್ತಾ ನಾನು ತಾಳ ತಪ್ಪಿದೆ, ಆ ಪುಣ್ಯಾತ್ಮ ತಪ್ಪಲೇ ಇಲ್ಲ. ನೀನಾದ್ರೆ ನನ್ನ ಜೊತೇಲೇ ತಪ್ತೀಯಲ್ಲೋ ಮಾರಾಯ. ಜನಕ್ಕೆ ಗೊತ್ತೇ ಆಗಲ್ಲ."

ಡೆಲ್ಬರ್ಟ್ ಬೇಸ್ ಕಟ್ಟುವ ಹಗ್ಗವನ್ನು ಕಾರಿನ ಮೇಲಿಂದ ಆಚೆಗೆಸೆದ. ಆ ಬದಿಯಲ್ಲಿ ಹೋಯ್ಟ್ ಅದನ್ನು ಹಿಡಿದು ಬಿಗಿಯಾಗಿ ಜಗ್ಗಿದ.