ಗಾಳಿಕಿಂಡಿಯ ಮೇಲಿನ ನೀಲಿ ಟೇಪು

ಅತ್ತಿಗೆ ಅಣ್ಣನ ವಿಮಾನವನ್ನು ಎತ್ತಿಕೊಂಡು ನನ್ನ ರಿಪೇರಿ ಅಂಗಡಿಗೆ ಬಂದರು. ನಾಲ್ಕಡಿ ರೆಕ್ಕೆಯ, ಬ್ಯಾಟರಿಯಿಂದ ಹಾರುವ ಮಾದರಿ ವಿಮಾನ. ಹತ್ತು ತಿಂಗಳ ಹಿಂದೆ ಅದು ಆಕಾಶದಲ್ಲಿ ದಿಢೀರನೆ ಪವರ್ ಕಳೆದುಕೊಂಡಿತ್ತು. ಅದರ ಮೇಲೇ ಕಣ್ಣಿಟ್ಟು ಓಡಿದ ಅಣ್ಣ ಕಲ್ಲಿನ ಕ್ವಾರಿಗೆ ಬಿದ್ದು ಸತ್ತಿದ್ದ.

"ಬ್ಯಾಟರಿ ಖಾಲಿ ಆಗೋವರೆಗೂ ಹಾರಿಸಿದ, ಅವನದ್ದೇ ತಪ್ಪು ಅಂತಾರೆ ವಿಮಾನ ಹಾರಿಸೋ ಕ್ಲಬ್ಬಿನವರು," ಎಂದರು ಅತ್ತಿಗೆ. "ಮಗಳ ಎದುರಿಗೇ ಅಂದ್ರು. ಏನು ಕೆಟ್ಟಿತ್ತು ಅಂತ ಹುಡುಕಿ ಕೊಡಪ್ಪ. ನಂಗಷ್ಟು ಸಾಕು."

ಹುಡುಕುವುದೇನು ಬಂತು, ಮಣ್ಣು! ಅಣ್ಣ ಸಾಯುವ ಹಿಂದಿನ ದಿನ ನಾನೇ ಧೂಳು ಹೋಗದಿರಲೆಂದು ಬಾಲದ ಬಳಿಯ ಗಾಳಿಕಿಂಡಿಗೆ ನೀಲಿ ಟೇಪು ಅಂಟಿಸಿ, ತೆಗೆಯಲು ಮರೆತಿದ್ದೆ. ಮೂತಿಯಿಂದ ನುಗ್ಗಿದ ಗಾಳಿ ಹಿಂದಿನಿಂದ ಹೊರಬೀಳದಿದ್ದರೆ, ಮೋಟಾರಿಗೆ ಕರೆಂಟು ಕೊಡುವ ಕಂಟ್ರೋಲರ್ ಕಾದು ಕೆಂಡವಾಗಿ ಪವರ್ ನಿಲ್ಲಿಸಿಬಿಡುತ್ತದೆ. ಊರಿಗೆಲ್ಲ ಇದನ್ನು ಪಾಠ ಹೇಳುವ ಮಹಾಶಯ ನಾನು. ಅಣ್ಣನನ್ನು ಮೇಲೆತ್ತುವ ಗದ್ದಲದಲ್ಲಿ ಟೇಪು ಕಿತ್ತು ತಂದು, ಅಂಗಡಿಯಲ್ಲಿ ಸುಟ್ಟುಹಾಕಿದ್ದೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

"ನೋಡ್ತೀನಿ ಅತ್ತಿಗೆ," ಎಂದೆ. ತಪ್ಪನ್ನೆಲ್ಲ ಹಳೆಯ ಕಂಟ್ರೋಲರಿನ ತಲೆಗೆ ಕಟ್ಟಿದರೆ ಅಣ್ಣನ ಮಾನವೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ ಎಂದುಕೊಂಡೆ. ಹೊಸದನ್ನು ಹಾಕಿದೆ. ಮೇಜಿಗೆ ಬಿಗಿದು ಹತ್ತು ನಿಮಿಷ ಮೋಟಾರ್ ಓಡಿಸಿದರೂ ಬೆಚ್ಚಗಾಯಿತಷ್ಟೆ.

ಮರುದಿನ ಬೆಳಿಗ್ಗೆ ಕ್ವಾರಿ ಪಕ್ಕದ ಅದೇ ಮೈದಾನದಲ್ಲಿ ಒಬ್ಬನೇ ಹಾರಿಸಿದೆ. ನಾಲ್ಕನೆಯ ನಿಮಿಷಕ್ಕೆ, ಕ್ವಾರಿಯ ನೆತ್ತಿಯ ಮೇಲೆ, ಮೋಟಾರ್ ನಿಂತಿತು. ಹೇಗೋ ತೇಲಿಸಿ ಇಳಿಸಿದೆ. ಕಂಟ್ರೋಲರ್ ಮುಟ್ಟಿದರೆ ಬೆರಳು ಚುರ್ ಎಂದಿತು. ಗಾಳಿಕಿಂಡಿಯ ಮೇಲೆ ನೀಲಿ ಟೇಪು ಅಂಟಿಕೊಂಡಿತ್ತು.

ನಾನು ಟೇಪನ್ನು ಹಲ್ಲಿನಿಂದಲೇ ಹರಿಯುವವನು. ಮುಂದಿನ ಹಲ್ಲು ಮುರಿದಿರುವುದರಿಂದ ಅಂಚಿನಲ್ಲಿ ಒಂದು ಕಡೆ ನಾಲಿಗೆಯಂಥ ಚೂಪು ತುಣುಕು ಉಳಿಯುತ್ತದೆ. ಇದಕ್ಕೂ ಇತ್ತು. ಕಿತ್ತು, ಅಲ್ಲೇ ಬೆಂಕಿಕಡ್ಡಿ ಗೀರಿ ಸುಟ್ಟು, ಬೂದಿಯನ್ನು ಕಾಲಿನಿಂದ ಉಜ್ಜಿದೆ.

ಸಂಜೆ ಅತ್ತಿಗೆಯನ್ನು ಕರೆದುಕೊಂಡು ಹೋದೆ. ಹಾರಿಸುವ ಮೊದಲು ಕಿಂಡಿಯೊಳಗೆ ಬೆರಳು ತೂರಿಸಿ ನೋಡಿದೆ. ಅದು ತೆರೆದೇ ಇತ್ತು. ನಾಲ್ಕನೆಯ ನಿಮಿಷಕ್ಕೆ ಮತ್ತೆ ಮೋಟಾರ್ ನಿಂತಿತು. ಈ ಸಲ ವಿಮಾನ ತಾನಾಗಿಯೇ ತಿರುಗಿ ಅತ್ತಿಗೆಯ ಕಾಲ ಬಳಿ ಇಳಿಯಿತು. ನನ್ನ ಬೆರಳು ರಿಮೋಟಿನ ಮೇಲೆ ಆಡಿಯೇ ಇರಲಿಲ್ಲ.

ನಾನು ಓಡಿ ಹೋಗುವಷ್ಟರಲ್ಲಿ ಅವರು ಕಿಂಡಿಯ ಮೇಲೆ ಮತ್ತೆ ಅಂಟಿಕೊಂಡಿದ್ದ ಟೇಪು ಬಿಡಿಸಿ ಬೆಳಕಿಗೆ ಹಿಡಿದಿದ್ದರು.

"ನಿಮ್ಮಣ್ಣ ಕತ್ತರಿ ಇಲ್ದೆ ಟೇಪು ಮುಟ್ಟಿದವರಲ್ಲ," ಎಂದು ನನ್ನ ಹಲ್ಲು ನೋಡಿದರು.

ಹೇಳಿದೆ. ಸುಟ್ಟಿದ್ದನ್ನೂ ಹೇಳಿದೆ. ಅತ್ತಿಗೆ ಅಳಲಿಲ್ಲ, ಬೈಯಲಿಲ್ಲ. ಒಂದು ಏಟು ಹಾಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇದು ನನ್ನ ಹತ್ರ ಇರುತ್ತೆ. ನಿನ್ನ ಕೈಗೆ ಸಿಕ್ಕಿದ್ರೆ ಮತ್ತೆ ಸುಡ್ತೀಯ." ಟೇಪನ್ನು ಪರ್ಸಿನಲ್ಲಿಟ್ಟು ಜಿಪ್ ಎಳೆದರು. "ನಡಿ ಕ್ಲಬ್ಬಿಗೆ. ಮಗಳನ್ನೂ ಕರೀತೀನಿ."

ಕ್ಲಬ್ಬಿನಲ್ಲಿ ಎಂಟು ಹತ್ತು ಜನ ಇದ್ದರು. ಅಣ್ಣನ ಮಗಳು ಬಾಗಿಲ ಬಳಿ ನಿಂತಿದ್ದಳು. "ತಪ್ಪು ನನ್ನ ಯಜಮಾನರದ್ದಲ್ಲ. ಇಲ್ಲಿದೆ ನೋಡಿ," ಎಂದು ಅತ್ತಿಗೆ ಪರ್ಸ್ ತೆರೆದು ಮೇಜಿನ ಮೇಲೆ ಕೊಡವಿದರು.

ಚಿಟಿಕೆಯಷ್ಟು ಬೂದಿ ಬಿತ್ತು.

ಯಾರೋ ಕಿಸಕ್ಕನೆ ನಕ್ಕರು. ಅತ್ತಿಗೆ ಪರ್ಸನ್ನು ಮಗುಚಿ ಮತ್ತೆ ಕೊಡವಿದರು. ಪಾಪ, ಗಂಡ ಹೋದ ಮೇಲೆ ತಲೆ ಕೆಟ್ಟಿದೆ ಎಂದು ನಾನು ಒಂದು ಮಾತು ಅಂದಿದ್ದರೂ ಎಲ್ಲರೂ ನಂಬುತ್ತಿದ್ದರು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ.

ಅಣ್ಣನ ಮಗಳು ನನ್ನನ್ನೇ ನೋಡುತ್ತಿದ್ದಳು.

"ಟೇಪು ಅಂಟಿಸಿದ್ದು ನಾನು," ಎಂದೆ.