ಮೋರಿಸ್ ಗಾಡಿಯ ದಮ್ಮು

ಥೂ, ಏನು ನಾತ ಇದು, ಸುಟ್ಟ ಎಣ್ಣೆಯ ನಾತ, ಹೋದ ಭಾನುವಾರ ಇರಲಿಲ್ಲ — ಹೋದ ಭಾನುವಾರ ಅಪ್ಪನ ಹಳೆಯ ಮೋರಿಸ್ ಕಾರಿಗೆ ನಾನೇ ಪೈಪು ಕೂರಿಸಿದ್ದೆ, ಇಂಜಿನ್ನಿನ ಹೊಟ್ಟೆಯ ಹೊಗೆಯನ್ನು ರಸ್ತೆಗೆ ಬಿಡದೆ ಇಂಜಿನ್ನಿಗೇ ವಾಪಸ್ ಎಳೆಸುವ ಪೈಪು, ನಡುವೆ ಒಂದು ವಾಲ್ವು, ಆಮೇಲೆ ಗಾಡಿ ಚಾಲೂ ಮಾಡಿ ಎಣ್ಣೆ ಹೊಯ್ಯುವ ಬಾಯಿಯ ಮೇಲೆ ಕಾಗದ ಇಟ್ಟರೆ ಗಪ್ಪನೆ ಅಂಟಿಕೊಂಡಿತ್ತು, ಅಂಟಿದರೆ ಉಸಿರು ಸರಿ ಇದೆ ಎಂದು ಅರ್ಥ, ಅಪ್ಪ ಕಲಿಸಿದ್ದು, ಬಾಗಲಕೋಟೆಯಿಂದ ಬಂದು ಇಲ್ಲಿಯ ಡಿಫೆನ್ಸ್ ಫ್ಯಾಕ್ಟರಿಯಲ್ಲಿ ಇಂಜಿನ್ನುಗಳ ಜೊತೆಗೇ ಮುದುಕನಾದ ಅಪ್ಪ, ಗಾಡಿಗೂ ದಮ್ ಬೇಕವ್ವಾ ಸಂಯುಕ್ತಾ, ದಮ್ ಕಟ್ಟಿತಂದ್ರ ಎಲ್ಲಾ ಕಡಿಂದ ಎಣ್ಣಿ ಕಾರತೈತಿ — ಇವತ್ತು ಅದೇ ಕಾಗದ ಎಗರಿ ಬಿತ್ತು, ನೀಲಿ ಹೊಗೆ ಮುಖಕ್ಕೆ ಬಡಿಯಿತು, ಬಂದ್ ಮಾಡಿದೆ, ಬಂದ್ ಮಾಡಿದರೂ ಪಾರ್ಕಿಂಗಿನ ನೆಲಕ್ಕೆ ಎಣ್ಣೆ ತೊಟ್ಟಿಕ್ಕುತ್ತಲೇ ಇದೆ, ಮುಚ್ಚಳದ ಒಳಗೆ ಕೆಟ್ಟ ಕೆನೆಯಂಥ ಹಳದಿ ಲೋಳೆ, ಕೈಗೆಲ್ಲ ಹತ್ತಿತು, ಅಸಹ್ಯ. ಇನ್ನು ಸ್ವಲ್ಪ ಹೊತ್ತಿಗೆ ನನ್ನ ಗಂಡ ತರುಣನ ಬಾಸ್ ಗಾಡಿ ನೋಡಲು ಬರುತ್ತಾನೆ, ತರುಣನೇ ಹೇಳಿದ, ಇಂಜಿನ್ ಬ್ಯಾಡಂತ ಅವರಿಗೆ, ಕಿತ್ತು ಒಗದು ಹೊಸ ಆಫೀಸಿನ ಲಾಬಿಯೊಳಗ ನಿಲ್ಲಸ್ತಾರಂತ, ನೋಡಾಕ ಭಾಳ ಚಂದ ಅಂತಾರ, ಅಪ್ಪನ ಗಾಡಿ ಹೂದಾನಿ ಆಗಬೇಕು, ಗಂಡನಿಗೆ ಪ್ರಮೋಷನ್ ಆಗಬೇಕು, ನಾನು ಒಲ್ಲೆ ಎಂದಾಗ ಅವನೇ ಮಾತು ಕೊಟ್ಟ, ಹೊಗಿ ನಿಂತರ ಇಟ್ಕೊಳ್ಳೋಣು, ನಿಲ್ಲಲಿಲ್ಲಂದ್ರ ಕೊಟ್ಟುಬಿಡೋಣು, ಆತಲ್ಲ.

ನಿಂತಿತ್ತಲ್ಲ, ಅವನ ಕಣ್ಣೆದುರೇ ನಿಂತಿತ್ತು. ವಾಲ್ವು ಕಚ್ಚಿಕೊಂಡಿರಬೇಕು — ಇಲ್ಲ, ಅಲ್ಲಾಡಿಸಿದರೆ ಟಕಟಕ ಅನ್ನುತ್ತದೆ, ಹಾಗಾದರೆ ಪೈಪು, ಕ್ಲಿಪ್ ಸಡಿಲಿಸಿ ಎಳೆದೆ, ಒಳಗೆ ಏನೋ ಗಟ್ಟಿ, ಸ್ಕ್ರೂಡ್ರೈವರಿನಿಂದ ಕೆದಕಿದೆ, ಅಂಗೈಗೆ ಬಿತ್ತು, ಕಣಕ, ಅಯ್ಯೋ ಚಪಾತಿಯ ಕಣಕ, ಇಂಜಿನ್ನಿನ ಕಾವಿಗೆ ಬೆಂದು ಕಂದಿದ ಉಂಡೆ, ಅದರ ಮೇಲೆ ಹೆಬ್ಬೆರಳು ಒತ್ತಿದ ಗುರುತು, ನಡುವೆ ಸೀಳಿದ ಉಗುರಿನ ಗುರುತು, ಲಿಫ್ಟಿನ ಬಾಗಿಲಿಗೆ ಸಿಕ್ಕು ಸೀಳಿದ ತರುಣನ ಉಗುರು, ನಾನೇ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ ಉಗುರು. ಹೋದ ಭಾನುವಾರವೇ ಅಲ್ಲವೇ ಹೊಗೆ ನಿಂತ ಖುಷಿಗೆ ಸಿಕಂದರಾಬಾದಿಗೆ ಬಿರಿಯಾನಿ ತಿನ್ನಲು ಹೋದದ್ದು, ಹಂಡೆಯ ಬಾಯಿಗೆ ಮೆತ್ತಿದ ಹಿಟ್ಟು ಒಡೆಯುವುದನ್ನೇ ನೋಡುತ್ತ ಕೇಳಿದ, ಹಿಂಗ ಗಾಡಿಗೂ ದಮ್ ಕೊಟ್ಟರ ಏನಾಗತೈತಿ, ನಾನು ಪೆದ್ದಿ, ನಕ್ಕೆ, ಬಿರಿಯಾನಿಗೆ ದಮ್ ಅಂದ್ರ ಬಾಯಿ ಮುಚ್ಚೋದು, ಗಾಡಿಗೆ ದಮ್ ಅಂದ್ರ ಬಾಯಿ ತಗಿಯೋದು, ಮುಚ್ಚಿದರ ಸೀಲ್ ಹರಿದು ಎಣ್ಣಿ ಹೊರಗ ಬರತೈತಿ ನೋಡ್ರಿ ಎಂದು ಟಿಶ್ಯೂ ಪೇಪರಿನ ಮೇಲೆ ಚಿತ್ರ ಬರೆದು ತೋರಿಸಿದೆ, ಯಾವ ಪೈಪು ಎಂದೂ ತೋರಿಸಿದೆ, ಹೌದಾ ಎಂದ, ತಲೆಯಾಡಿಸಿದ, ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದ.

ನಾನು ನಾದಿದ ಕಣಕದಿಂದಲೇ ಚಿವುಟಿರಬೇಕು, ನಾನು ಸ್ನಾನಕ್ಕೆ ಹೋದಾಗ, ಆಮೇಲೆ ಕೈ ತೊಳೆದು ಬಂದು ಚಪಾತಿ ತಿಂದ, ಭಾಳ ಮೆತ್ತಗ ಆಗ್ಯಾವು ಎಂದ, ರಾತ್ರಿ ಅದೇ ಬೆರಳು ನನ್ನ ಕೆನ್ನೆ ಸವರಿತು, ಎಣ್ಣೆ ಹತ್ತಿದ ಕೈಯಿಂದಲೇ ಆ ಕೆನ್ನೆ ಉಜ್ಜಿಕೊಂಡೆ. ಬಾಸ್‌ಗೆ ಕೊಟ್ಟುಬಿಡುತ್ತೇನೆ ಎಂದು ನೇರ ಹೇಳಿದ್ದರೆ ಜಗಳ ಆಡುತ್ತಿದ್ದೆ, ಅತ್ತು ಸುಮ್ಮನಾಗುತ್ತಿದ್ದೆನೋ ಏನೋ — ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಬಂದ, ಏನು ಸಂಯು, ಹೊಗಿ ನಿಂತಿತೇನು, ಮುಖದಲ್ಲಿ ಎಷ್ಟು ಮರುಕ, ಹೋಗ್ಲಿ ಬಿಡು, ನೀ ಭಾಳ ಕಷ್ಟಪಟ್ಟಿ, ಚಹಾ ತಂದೀನಿ ತಗೊ, ಕಪ್ಪು ಚಾಚಿದ್ದಾನೆ, ಕಪ್ಪಿನ ಅಂಚಿಗೆ ಹೆಬ್ಬೆರಳು, ತಗೊ, ಆರತೈತಿ, ನಡುವೆ ಸೀಳಿದ ಉಗುರು, ಬಿಳಿ ಪಿಂಗಾಣಿಗೆ ಒತ್ತಿಕೊಂಡ ಉಗುರು, ತಗೊ ಅಂತೀನಲ್ಲ, ಆ ಉಗುರು, ಉಗುರು